ಮಂಗಳವಾರ, ಗುರುವಾರ

ಏಳನೆಯ ಪುಟಕ್ಕೆ ಬರುವಷ್ಟರಲ್ಲಿ ಅಮೃತಳ ಕೈಯಲ್ಲಿದ್ದ ಕೆಂಪು ಪೆನ್ನು ನಿಂತುಬಿಟ್ಟಿತು. ಅಲ್ಲಿಯವರೆಗೆ ಅದು ತನ್ನ ಪಾಡಿಗೆ ತಾನು ಒತ್ತಕ್ಷರ ತಿದ್ದುತ್ತಾ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ‘ಗುಡ್’ ಎಂದು ಗೀಚುತ್ತಾ ಓಡುತ್ತಿತ್ತು. ಈಗ ಪೆನ್ನಿಗೆ ಮುಚ್ಚಳ ಹಾಕಿ, ಪಕ್ಕಕ್ಕಿಟ್ಟು, ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು.

ಬರೆದವಳು ಲಾವಣ್ಯ. ಶಿಡ್ಲಘಟ್ಟದ ಹುಡುಗಿ, ಅವಳಮ್ಮ ಅಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾಳೆ. ಚಿಂತಾಮಣಿಯ ಈ ಕಾಲೇಜಿನಲ್ಲಿ ಸಮಾಜಕಾರ್ಯದ ಎಂಎ ಓದುವವರು ಮಂಗಳವಾರ ಮತ್ತು ಗುರುವಾರ ಹಳ್ಳಿಗಳಿಗೆ ಹೋಗಬೇಕು. ಶುಕ್ರವಾರ ಕಂಡದ್ದು, ಕೇಳಿದ್ದು, ತಮಗೆ ಅನ್ನಿಸಿದ್ದು ಎಲ್ಲವನ್ನೂ ಬರೆದು ಕೊಡಬೇಕು. ಶನಿವಾರ ಮೇಡಂ ಎದುರು ಕೂತು ಅದರ ಬಗ್ಗೆ ಮಾತಾಡಬೇಕು. ಮೇಡಂ ಅಂದರೆ ಅಮೃತ. ಮೂರು ತಿಂಗಳಿಂದ ಲಾವಣ್ಯ ಕೊಡುತ್ತಿದ್ದ ವರದಿ ಒಂದೂವರೆ ಪುಟ ದಾಟುತ್ತಿರಲಿಲ್ಲ. ಹೋದೆ, ಮಾತಾಡಿದೆ, ಬಂದೆ, ಮುಗಿಯಿತು. ಹೋದ ಶನಿವಾರ ಅಮೃತಳಿಗೆ ರೇಗಿಹೋಗಿತ್ತು. “ಇದೇನಮ್ಮಾ ಲಾವಣ್ಯ, ಹಾಲಿನ ಡೇರಿ ಚೀಟಿ ಬರೆದಂಗೆ ಬರೀತೀಯ? ಏನು ನಡೀತು, ಯಾರು ಏನಂದ್ರು, ನಿನಗೆ ಒಳಗೆ ಏನನ್ನಿಸ್ತು, ಒಂದೂ ಬಿಡದೆ ಬರಿ. ಕಲಿಯೋದು ಅಂದ್ರೆ ಅದೇ” ಅಂದಿದ್ದಳು. ಹುಡುಗಿ ಆ ಮಾತನ್ನು ತಲೆಯ ಮೇಲಿಟ್ಟುಕೊಂಡಿದ್ದಳು ಅಂತ ಕಾಣುತ್ತೆ. ಈ ವಾರ ಹನ್ನೊಂದು ಪುಟ.

ಏಳನೆಯ ಪುಟದಲ್ಲಿ ಹೀಗಿತ್ತು:

‘ಅಮ್ಮನಿಗೆ ಹುಷಾರಿರಲಿಲ್ಲ. ಅಡುಗೆ ಮಾಡಿಟ್ಟು ಬರುವಷ್ಟರಲ್ಲಿ ಕಾಲೇಜಿನ ವ್ಯಾನು ಹೋಗಿಬಿಟ್ಟಿತ್ತು. ಬಸ್ಸಿನಲ್ಲಿ ಕೆಂಚಾರ್ಲಹಳ್ಳಿಗೆ ಬಂದೆ. ನಾವು ಹೋಗುವ ಗುಂಡ್ಲಗುಟ್ಟಕ್ಕೆ ಅಲ್ಲಿಂದ ಎರಡು ಕಿಲೋಮೀಟರ್ ನಡೆಯಬೇಕು. ಸುಸ್ತಾಗಿತ್ತು, ಬಸ್‌ ಶೆಲ್ಟರಿನಲ್ಲಿ ಸ್ವಲ್ಪ ಕೂತೆ. ಒಬ್ಬರು ತಾತ ಕೂತಿದ್ದರು. ಯಾವ ಬಸ್ಸಿಗೆ ತಾತ ಅಂತ ಕೇಳಿದೆ.

“ಯಾವ ಬಸ್ಸಿಗೂ ಇಲ್ಲ ಕಣಮ್ಮಾ. ಸುಮ್ನೆ ಕೂತಿದ್ದೀನಿ. ಇವತ್ತು ಗುರುವಾರ ಅಲ್ವಾ, ಮನೇಲಿರಂಗಿಲ್ಲ.”

“ಯಾಕ್ ತಾತ?”

“ಕಾಲೇಜೋರು ಬರ್ತಾರೆ. ಮಂಗಳವಾರ ಒಂದ್ಸಲ, ಗುರುವಾರ ಒಂದ್ಸಲ. ನಾನು ಎಷ್ಟು ಕುಡೀತಿದ್ದೆ, ಕುಡಿದು ಏನೇನ್ ಮಾಡ್ತಿದ್ದೆ, ಎಲ್ಲೆಲ್ಲಿ ಬಿದ್ದಿರ್ತಿದ್ದೆ ಅಂತ ನಮ್ಮಾಕೇನ ಕೇಳಿ ಬರ್ಕೋತಾರೆ. ಹೊಸದಾಗಿ ಸೊಸೆ ಬಂದವ್ಳೆ ಮನೆಗೆ. ನಾನು ಯಾವ ಮುಖ ಇಟ್ಕೊಂಡು ಒಳಗೆ ಕೂತ್ಕೊಳ್ಲಿ ಹೇಳು. ನಾಲ್ಕೂವರೆಗೆ ಅವರ ವ್ಯಾನು ಹೋಗ್ತದೆ. ಆಮೇಲೆ ಹೋಗ್ತೀನಿ.”

“ಎಷ್ಟು ದಿನದಿಂದ ಹಿಂಗೆ?”

“ದಿನ ಏನಮ್ಮಾ. ಹದಿನಾಲ್ಕು ವರ್ಷ.”’

ಅದಾದ ಮೇಲೆ ಲಾವಣ್ಯ ತನ್ನ ಮಾತು ಬರೆದಿದ್ದಳು. ‘ನಾನು ಐಡಿ ಕಾರ್ಡನ್ನು ಬ್ಯಾಗಿನೊಳಗೆ ಹಾಕಿಕೊಂಡೆ. ನಾನೂ ಆ ಕಾಲೇಜಿನವಳೇ ಅಂತ ಹೇಳಲು ಬಾಯಿ ಬರಲಿಲ್ಲ. ಮೂರು ತಿಂಗಳಿಂದ ಗಂಗುಲಮ್ಮನವರ ಮನೆಗೆ ಹೋಗುತ್ತಿದ್ದೇನೆ, ಆ ಮನೆಯ ಯಜಮಾನರನ್ನು ನೋಡಿದ್ದು ಆವತ್ತೇ ಮೊದಲು. ಅವರನ್ನು ಹೊರಗೆ ಕೂರಿಸಿರುವುದು ನಾನೇ ಅನ್ನಿಸಿತು. ಆವತ್ತು ಅವರ ಮನೆಗೆ ಹೋಗಲಿಲ್ಲ. ಅವರ ಜೊತೆಯಲ್ಲೇ ಕೂತಿದ್ದೆ.’

ಓದಿ ಮುಗಿಸಿದಾಗ ಅಮೃತಳಿಗೆ ಬಂದದ್ದು ಕೋಪ. ದುಃಖ ಗಿಃಖ ಏನೂ ಅಲ್ಲ, ಶುದ್ಧ ಕೋಪ. ಮೊನ್ನೆ ಬಂದ ಪಿಳ್ಳೆಯೊಂದು ತನ್ನ ಮನೆಯ ದೇವರ ಪಟ ತಿರುಗಿಸಿ ಗೋಡೆಗೆ ಮುಖ ಮಾಡಿಟ್ಟ ಹಾಗಾಯಿತು ಅವಳಿಗೆ.

ಅಮೃತಳನ್ನೂ ಬೈಯುವ ಹಾಗಿಲ್ಲ ಬಿಡಿ. ಗಂಗುಲಮ್ಮನ ಗಂಡ ಕೋನಪ್ಪ ಅಂದರೆ ಅವಳಿಗೆ ಬರೀ ಒಬ್ಬ ಕೋನಪ್ಪ ಅಲ್ಲ. ಹದಿನಾಲ್ಕು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಓದುತ್ತಾ, ಇದೇ ಗುಂಡ್ಲಗುಟ್ಟಕ್ಕೆ ಹೋಗುತ್ತಿದ್ದಾಗ ಅವಳಿಗೆ ಸಿಕ್ಕಿದ ಮೊದಲನೆಯ ಮನೆ ಗಂಗುಲಮ್ಮನದು. ಗಂಡ ಬೆಳಗಾದರೆ ಕುಡಿತ. ಅಮೃತ ಆಗ ಇಪ್ಪತ್ತಮೂರರ ಹುಡುಗಿ. ಆರು ತಿಂಗಳು ಬಿಡದೆ ಆ ಮನೆ ಬಾಗಿಲಿಗೆ ಅಲೆದಳು. ಚಿಕ್ಕಬಳ್ಳಾಪುರದಲ್ಲಿ ಕುಡಿತ ಬಿಡಿಸುವ ಶಿಬಿರ ಇದೆ ಅಂತ ಗೊತ್ತಾದಾಗ ಆತನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಬಿಟ್ಟು ಬಂದಳು. ಆತ ನಿಜವಾಗಲೂ ಬಿಟ್ಟ. ಇವತ್ತಿನವರೆಗೂ ಮುಟ್ಟಿಲ್ಲ. ಆ ವರ್ಷ ಕಾಲೇಜಿನ ವೇದಿಕೆಗೆ ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ಮೈಕು ಕೊಟ್ಟಳು. ಕೋನಪ್ಪ “ನಾನು ಕುಡುಕನಾಗಿದ್ದೆ” ಅಂದ. ಚಪ್ಪಾಳೆ ಬಿತ್ತು. ಅಲ್ಲಿಂದ ಮುಂದೆ ಅಮೃತ ಇದೇ ಕಾಲೇಜಿಗೆ ಮೇಡಂ ಆಗಿ ಬಂದಳು. ವರ್ಷವರ್ಷವೂ ಹೊಸ ಹುಡುಗರ ಮುಂದೆ ಮೊದಲ ದಿನವೇ ‘ಕೋನಪ್ಪನ ಕೇಸು’ ಹೇಳುತ್ತಾಳೆ. ಮೂವತ್ತೇಳು ವರ್ಷದ ಬದುಕಿನಲ್ಲಿ ‘ಇದು ನಾನು ಮಾಡಿದ್ದು’ ಅಂತ ಬೆರಳಿಟ್ಟು ತೋರಿಸಲು ಅವಳಿಗಿರುವುದು ಅದೊಂದೇ.

ಮಾತಾಡುವ ಮನೆ, ಟೀ ಕೊಡುವ ಮನೆ, ನಾಯಿ ಇಲ್ಲದ ಮನೆ. ಹೊಸಬರನ್ನು ಮೊದಲು ಕಳಿಸಲು ಗಂಗುಲಮ್ಮನ ಮನೆಗಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಹಾಗಾಗಿ ಪ್ರತಿ ವರ್ಷ ನಾಲ್ಕೈದು ಜನ ಅಲ್ಲಿಗೇ. ಸಾಲದ್ದಕ್ಕೆ ಬರುವ ಶುಕ್ರವಾರ ಕಾಲೇಜಿನಲ್ಲಿ ದೊಡ್ಡ ಕಾರ್ಯಕ್ರಮ ಬೇರೆ. ಆಹ್ವಾನ ಪತ್ರಿಕೆಯಲ್ಲಿ ‘ವ್ಯಸನಮುಕ್ತ ಸಾಧಕರಾದ ಶ್ರೀ ಕೋನಪ್ಪ ದಂಪತಿಗಳಿಗೆ ಸನ್ಮಾನ’ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಹಾಕಿಸಿದವಳೂ ಅಮೃತಳೇ.

ಶನಿವಾರ ಲಾವಣ್ಯ ಬಂದು ಎದುರು ಕೂತಳು. ಅಮೃತ ಫೈಲನ್ನು ಅವಳ ಕಡೆ ತಳ್ಳಿದಳು.

“ಅಲ್ಲಮ್ಮಾ, ನಿನ್ನನ್ನ ಕಳಿಸಿದ್ದು ಗಂಗುಲಮ್ಮನ ಮನೆಗೆ. ಬಸ್‌ ಶೆಲ್ಟರಲ್ಲಿ ಕೂತು ಹರಟೆ ಹೊಡೆದದ್ದನ್ನ ಫೀಲ್ಡ್‌ವರ್ಕ್ ಅಂತಾರಾ?”

“ಹರಟೆ ಅಲ್ಲ ಮೇಡಂ. ಅವರು…”

“ಅವರು ಯಾರೋ ಏನೋ. ವಯಸ್ಸಾದೋರು ಏನೋ ಅಂದ್ಕೊಂಡು ಏನೋ ಹೇಳಿರ್ತಾರೆ. ಕೋನಪ್ಪಣ್ಣನ್ನ ನಾನು ನಿನ್ನೆ ಮೊನ್ನೆಯಿಂದ ನೋಡ್ತಿಲ್ಲ. ಅವರಿಗೆ ಬೇಜಾರಿದ್ದಿದ್ರೆ ನನ್ನ ಹತ್ರ ಹೇಳ್ತಿರಲಿಲ್ವಾ?”

ಲಾವಣ್ಯ ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಸವರುತ್ತಾ, “ನೀವೇ ಒಂದೂ ಬಿಡದೆ ಬರಿ ಅಂದಿದ್ರಿ ಮೇಡಂ” ಅಂದಳು. ದನಿಯಲ್ಲಿ ಎದುರುತ್ತರದ ಖಾರ ಇರಲಿಲ್ಲ. ಅಂದಿದ್ದನ್ನು ನೆನಪು ಮಾಡಿದಳು ಅಷ್ಟೇ.

“ವಿಷಯಕ್ಕೆ ಬೇಕಾದ್ದನ್ನ ಬಿಡದೆ ಬರಿ ಅಂದಿದ್ದು. ಇದನ್ನ ನಾಳೆ ಹೊರಗಿನ ಎಕ್ಸಾಮಿನರ್ ನೋಡ್ತಾರೆ. ಇದೆಲ್ಲಾ ತೆಗೆದು ಬೇರೆ ಬರ್ಕೊಂಡು ಬಾ. ನಿಮ್ಮ ಕ್ಲಾಸಿನ ಹರಿತಾ ಬರೀತಾಳಲ್ಲ, ಅವಳದನ್ನ ಒಂದ್ಸಲ ನೋಡು.”

“ಸರಿ ಮೇಡಂ” ಅಂತ ಲಾವಣ್ಯ ಫೈಲು ಎತ್ತಿಕೊಂಡು ಹೋದಳು. ಅಷ್ಟು ಸಲೀಸಾಗಿ ಹೋದದ್ದಕ್ಕೆ ಅಮೃತಳಿಗೆ ಒಂದು ಕ್ಷಣ ಸಮಾಧಾನ ಆಯಿತು, ಆಮೇಲೆ ಯಾಕೋ ಆಗಲಿಲ್ಲ.

ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಎರಡು ಪುಟ ಕಾದಿದ್ದವು. ಅಂಚು ಬಿಟ್ಟು, ಸ್ಕೇಲಿನಿಂದ ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ ಬರೆದದ್ದು. ‘ಗಂಗುಲಮ್ಮನವರೊಂದಿಗೆ ಉತ್ತಮ ಬಾಂಧವ್ಯ ಬೆಳೆಯಿತು. ಭೇಟಿಯ ಸಮಯದಲ್ಲಿ ಯಜಮಾನರು ಹೊರಗೆ ಹೋಗಿದ್ದರು. ಒಂದು ಕಾಲದಲ್ಲಿ ಕುಡಿತದಿಂದ ನಲುಗಿದ್ದ ಈ ಕುಟುಂಬ ಇಂದು ನೆಮ್ಮದಿಯಿಂದ ಬಾಳುತ್ತಿದೆ. ಈ ಭೇಟಿಯಿಂದ ನನಗೆ ಬಹಳಷ್ಟು ಕಲಿಯಲು ಸಿಕ್ಕಿತು.’

ಒಂದೂ ತಪ್ಪಿಲ್ಲ. ಅಮೃತ ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದಳು, ಸಿಗಲಿಲ್ಲ. ಆದರೆ ಈ ವಾಕ್ಯಗಳನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಎದ್ದು ಹೋಗಿ ಬೀರುವಿನಿಂದ ಹಳೆಯ ವರ್ಷಗಳ ಫೈಲುಗಳನ್ನು ಇಳಿಸಿದಳು. ಧೂಳಿಗೆ ಎರಡು ಸಲ ಸೀನು ಬಂತು. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಕೊರೊನಾಕ್ಕೆ ಮುಂಚಿನದು. ಎಲ್ಲದರಲ್ಲೂ ಗಂಗುಲಮ್ಮ ಅದೇ ಮಾತು ಹೇಳಿದ್ದಳು, ಅದೇ ಕಡೆ ಕಣ್ಣೊರೆಸಿಕೊಂಡಿದ್ದಳು, ಹುಡುಗರು ಅದೇ ರೀತಿ ಬಹಳಷ್ಟು ಕಲಿತಿದ್ದರು. ಬಾಯಿಪಾಠ. ಹೇಳುವವಳದ್ದೂ ಬಾಯಿಪಾಠ, ಬರೆಯುವವರದ್ದೂ ಬಾಯಿಪಾಠ.

ಅದಾದರೂ ಹೋಗಲಿ ಅನ್ನಬಹುದಿತ್ತು. ಆದರೆ ಇನ್ನೊಂದು ಸಾಲು ಇತ್ತು, ಅದು ಅವಳ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಫೈಲಿನಲ್ಲಿ. ಬಿದ್ದ ಮೇಲೆ ಮತ್ತೆ ಮೊದಲಿನಿಂದ ಹುಡುಕಿದಳು. ‘ಕೋನಪ್ಪನವರು ಹೊರಗೆ ಹೋಗಿದ್ದರು.’ ‘ಯಜಮಾನರು ಕೆಲಸದ ಮೇಲೆ ಹೋಗಿದ್ದರು.’ ‘ಕೋನಪ್ಪನವರು ಭೇಟಿಗೆ ಸಿಗಲಿಲ್ಲ.’ ವರ್ಷ ಯಾವುದಾದರೂ ಇರಲಿ, ಬರೆದವರು ಯಾರಾದರೂ ಇರಲಿ, ಮಂಗಳವಾರ ಗುರುವಾರ ಆ ಮನುಷ್ಯ ಮನೆಯಲ್ಲಿಲ್ಲ. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಕೆಂಪು ಸರಿ ಗುರುತು ಇತ್ತು. ಆ ಗುರುತು ಹಾಕಿದ್ದು ಯಾರು ಅಂತ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವಳಿಗೆ ನಾಚಿಕೆಯಾಯಿತು. ನೆಲದ ಮೇಲೆ ಫೈಲು ಹರಡಿಕೊಂಡು, ಸೀರೆಗೆಲ್ಲ ಧೂಳು ಮಾಡಿಕೊಂಡು ಕೂತಿದ್ದವಳಿಗೆ ಮೈಯೆಲ್ಲ ಬಿಸಿಯಾಗಿ ನಾಚಿಕೆಯಾಯಿತು.

ಬುಧವಾರ ಲಾವಣ್ಯಳನ್ನು ಕರೆಸಿದಳು. “ಆ ಹಳೇ ಹನ್ನೊಂದು ಪುಟ ತಗೊಂಡು ಬಾಮ್ಮಾ” ಅಂದಳು.

“ಅದಿಲ್ಲ ಮೇಡಂ. ಹರಿದು ಹಾಕ್ದೆ.”

“ಯಾಕೆ ಹರಿದೆ?”

“ಬೇಡ ಅಂದ್ರಲ್ಲ.”

“ಮತ್ತೆ ಬರೀತೀಯಾ? ನೆನಪಿರುತ್ತಲ್ವಾ?” ಅಂದಳು ಅಮೃತ, ಸ್ವಲ್ಪ ಬೇಡಿಕೊಳ್ಳುವ ದನಿಯಲ್ಲೇ.

ಲಾವಣ್ಯ ಯೋಚಿಸಿದಳು. “ನೆನಪಿದೆ ಮೇಡಂ. ಆದ್ರೆ ಈಗ ಬರೆದ್ರೆ ನೀವು ಕೇಳಿದ್ರಿ ಅಂತ ಬರೆದಂಗಾಗುತ್ತೆ. ಆವತ್ತು ಬರೀದೆ ಇರಕ್ಕಾಗದೆ ಬರೆದಿದ್ದು. ಅದು ಬರಲ್ಲ ಅನ್ಸುತ್ತೆ.”

ಇಪ್ಪತ್ತೆರಡು ವರ್ಷದ ಹುಡುಗಿ. ಮೂರು ತಿಂಗಳಿಂದ ಒಂದೂವರೆ ಪುಟ ಬರೆಯುತ್ತಿದ್ದವಳು ಒಂದೇ ಒಂದು ಸಲ ಎದೆಯೊಳಗಿನದನ್ನು ತೆಗೆದು ಕೊಟ್ಟಿದ್ದಳು. ಇನ್ನು ಇವಳು ಎಂದೆಂದಿಗೂ ಮುತ್ತಿನಂಥ ಅಕ್ಷರದಲ್ಲಿ ಎರಡೇ ಪುಟ ಬರೆಯುತ್ತಾಳೆ, ಹಾಗೆ ಮಾಡಿದವಳು ನಾನೇ ಅಂತ ಅಮೃತಳಿಗೆ ಅನ್ನಿಸಿತು.

“ನಾಳೆ ಉಳಿದೋರಿಗೆಲ್ಲಾ ಲೈಬ್ರರಿ ಕೆಲಸ ಕೊಡ್ತೀನಿ. ವ್ಯಾನು ಹೋಗಲ್ಲ” ಅಂದಳು. “ನಾವಿಬ್ರೂ ಬಸ್ಸಲ್ಲಿ ಹೋಗಣ.”

ಗುರುವಾರ ಹನ್ನೊಂದೂವರೆಗೆ ಇಬ್ಬರೂ ಕೆಂಚಾರ್ಲಹಳ್ಳಿಯಲ್ಲಿ ಇಳಿದರು. ಬಸ್ಸಿನಲ್ಲಿ ಬರುವಾಗೆಲ್ಲ ಅಮೃತ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದಳು: ಶೆಲ್ಟರಿನಲ್ಲಿ ಯಾರೂ ಇರದೆ ಹೋಗಲಿ, ಇದ್ದರೂ ಅದು ಬೇರೆ ಯಾರೋ ಆಗಿರಲಿ. ಕೈಚೀಲದಲ್ಲಿ ಆಹ್ವಾನ ಪತ್ರಿಕೆಯನ್ನೂ ಹಾಕಿಕೊಂಡೇ ಬಂದಿದ್ದಳು. ಮನುಷ್ಯರ ಮನಸ್ಸು ಅಷ್ಟು ಸುಲಭಕ್ಕೆ ಸೋಲೊಪ್ಪುವುದಿಲ್ಲ ನೋಡಿ.

ಕೋನಪ್ಪ ಇದ್ದ. ಸಿಮೆಂಟಿನ ಕಟ್ಟೆಯ ಮೂಲೆಯಲ್ಲಿ, ರಸ್ತೆಗೆ ಅರ್ಧ ಬೆನ್ನು ಮಾಡಿ ಕೂತು, ಬನ್ನು ಮುರಿದು ಟೀಯಲ್ಲಿ ಅದ್ದುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಮೃತಳನ್ನು ಕಂಡದ್ದೇ ಬನ್ನನ್ನು ಲೋಟದಲ್ಲೇ ಬಿಟ್ಟು ಎದ್ದು ನಿಂತ. ಸ್ಕೂಲು ತಪ್ಪಿಸಿ ಸಿಕ್ಕಿಬಿದ್ದವರ ಹಾಗೆ ನಿಂತ.

“ಅಮೃತಮ್ಮಾ. ಏನು, ಬಸ್ಸಲ್ಲಿ ಬಂದ್ಬಿಟ್ರಿ.”

“ಕೂತ್ಕೊಳ್ಳಣ್ಣ. ಟೀ ಆರುತ್ತೆ.”

ಅವನು ಕೂರಲಿಲ್ಲ. ಅಮೃತ ಕೂತಳು, ಆಮೇಲೆ ಅವನೂ ಕೂತ. ಲಾವಣ್ಯ ಮುಂದೆ ಬಂದು, “ತಾತ, ನಾನೂ ಕಾಲೇಜೋಳೇ. ಆವತ್ತು ನಿಮಗೆ ಹೇಳ್ಲಿಲ್ಲ. ತಪ್ಪಾಯ್ತು” ಅಂದಳು.

ಕೋನಪ್ಪ ನಕ್ಕ. “ಗೊತ್ತಿತ್ತು ಬಿಡಮ್ಮಾ. ಕಾರ್ಡು ಬ್ಯಾಗ್‌ನಾಗೆ ತುರುಕ್ಕೊಂಡೆ, ನೀಲಿ ದಾರ ಹೊರಗೇ ನೇತಾಡ್ತಿತ್ತು. ಹದಿನಾಲ್ಕು ವರ್ಷದಿಂದ ಆ ದಾರ ಕಂಡ್ರೆ ಸಾಕು, ನಾನು ಬೇರೆ ದಾರಿ ಹಿಡೀತೀನಿ. ನನಗೆ ಗೊತ್ತಾಗಲ್ವಾ?”

“ಮತ್ತೆ ಯಾಕ್ ತಾತ ನನ್ನ ಹತ್ರ ಎಲ್ಲಾ ಹೇಳಿದ್ರಿ?”

“ನೀನು ಯಾವ ಬಸ್ಸಿಗೆ ಅಂತ ಕೇಳ್ದೆ. ನಿಮ್ಮೋರ್ಯಾರೂ ನನ್ನ ಹಂಗೆ ಕೇಳಿರ್ಲಿಲ್ಲ.” ಅವನು ಲೋಟದೊಳಗೆ ನೋಡಿದ. ಬನ್ನು ನೆನೆದು ತಳಕ್ಕೆ ಇಳಿದಿತ್ತು. “ಇನ್ನೂ ಒಂದೈತೆ. ಎಲ್ಲಾದ್ನೂ ಬರ್ಕೊಂಡು ಹೋಗ್ತಾರಲ್ಲ ಇವರು, ಇದೂ ಒಂದು ಬರ್ಕೊಂಡು ಹೋಗ್ಲಿ ಅಂತ ಹೇಳ್ದೆ. ಬರೆದ್ಯಾ?”

ಲಾವಣ್ಯ ಬ್ಯಾಗಿನ ಜಿಪ್ಪು ಎಳೆದುಕೊಂಡಳು. ಅವಳು ಮೇಡಂ ಕಡೆ ತಿರುಗಿಯೂ ನೋಡಲಿಲ್ಲ. ಹಾಗೆ ನೋಡದೆ ಉಳಿಸಿಕೊಟ್ಟ ಮರ್ಯಾದೆ ಅಮೃತಳಿಗೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಜೋರಾಗಿ ತಾಗಿತು.

“ಬರ್ಕೊಂಡು ಬಂದಿದ್ಲಣ್ಣ” ಅಂದಳು. “ಹನ್ನೊಂದು ಪುಟ ಬರೆದಿದ್ಲು. ನಾನೇ ಬೇಡ ಅಂದೆ. ನನ್ನ ಮಾತು ಕೇಳಿ ಹರಿದು ಹಾಕಿದ್ಲು.”

ಕೋನಪ್ಪ ತಲೆಯಾಡಿಸಿದ. ಅದರಲ್ಲಿ ಬೇಸರವೂ ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ.

“ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ಅಣ್ಣ ನೀವು? ಇಷ್ಟು ವರ್ಷ?”

“ಹೆಂಗೆ ಹೇಳ್ಲಮ್ಮಾ.” ಅವನ ದನಿ ಮೆತ್ತಗಿತ್ತು. “ಬಸ್‌ ಚಾರ್ಜು ಕೊಟ್ಟು ಕರ್ಕೊಂಡು ಹೋಗಿ ಸೇರಿಸಿದ್ರಿ. ನೀವಿಲ್ದಿದ್ರೆ ನಾನು ಯಾವತ್ತೋ ಮಣ್ಣಾಗಿರ್ತಿದ್ದೆ. ಅಂಥೋರಿಗೆ ಬರ್ಬೇಡಿ ಅನ್ನೋಕಾಗುತ್ತಾ? ಆದ್ರೆ ಕುಡಿಯೋದು ನಾನೇ ಮರೆತು ಎಷ್ಟೋ ಕಾಲ ಆಯ್ತು ಕಣಮ್ಮಾ. ವಾರಕ್ಕೆರಡು ಸಲ ಬಂದು ಜ್ಞಾಪಕ ಮಾಡ್ತಾರೆ. ಊರಾಗೆ ಇನ್ನೊಬ್ಬ ಕೋನಪ್ಪ ಅವ್ನೆ. ಅವ್ನು ಮೇಲಿನ ಮನೆ ಕೋನಪ್ಪ. ನಾನು ಶಿಬಿರದ ಕೋನಪ್ಪ. ಎರಡನೇ ಮಗಳನ್ನ ನೋಡಕ್ಕೆ ಬಂದೋರು ಊರ ಬಾಗ್ಲಲ್ಲಿ ನಮ್ಮನೆ ಕೇಳಿದ್ರು. ಯಾವ ಕೋನಪ್ಪ, ಶಿಬಿರದ ಕೋನಪ್ಪನಾ ಅಂದವ್ರೆ ಊರೋರು. ಏನು ಶಿಬಿರ ಅಂತ ವಿಚಾರಿಸ್ಕೊಂಡು ಹಂಗೇ ವಾಪಸ್ ಹೋದ್ರು. ಆಮೇಲೆ ಬೇರೆ ಕಡೆ ಆಯ್ತು, ಚೆನ್ನಾಗವ್ಳೆ. ಅದಿರ್ಲಿ.”

ಅವನು ಅದಿರ್ಲಿ ಅಂದ ರೀತಿಗೆ ಅಮೃತಳ ಕಣ್ಣು ತುಂಬಿತು. ತಡೆದುಕೊಂಡಳು. ಇವತ್ತು ಅಳುವ ಹಕ್ಕು ತನಗಿಲ್ಲ ಅನ್ನಿಸಿತು ಅವಳಿಗೆ.

“ನಾಳೆ ಸ್ಟೇಜಿಗೆ ಕರೆದಿದ್ದೀರಂತೆ, ಗಂಗುಲು ಹೇಳಿದ್ಲು” ಅಂದ ಕೋನಪ್ಪ. “ಬರ್ತೀನಿ ಬಿಡಿ. ಬಿಳೀ ಶರ್ಟು ಒಗ್ದು ಇಟ್ಟವ್ಳೆ. ಏನೇನ್ ಹೇಳ್ಬೇಕು ಅಂತ ಒಂದ್ಸಲ ಹೇಳ್ಕೊಟ್ರೆ ಸಾಕು. ಹೋದ ಸಲ ಹೇಳಿದ್ದೇ ಹೇಳ್ಬೇಕೋ, ಬೇರೆ ಐತೋ?”

ಅಮೃತ ಎದ್ದು ಶೆಲ್ಟರಿನ ಆಚೆ ಬಂದು ಫೋನು ತೆಗೆದಳು. ಆ ಕಡೆ ಎತ್ತಿದವರು ವಿಭಾಗದ ಮುಖ್ಯಸ್ಥರು ನರಸಿಂಹಮೂರ್ತಿ. ಶಾಮಿಯಾನದವರ ಜೊತೆ ಜಗಳದಲ್ಲಿದ್ದರು ಅಂತ ಕಾಣುತ್ತೆ, ಆ ಕಡೆಯಿಂದ ಗಲಾಟೆ ಕೇಳುತ್ತಿತ್ತು.

“ಸಾರ್, ನಾಳೆ ಕೋನಪ್ಪನವರ ಸನ್ಮಾನ ಬೇಡ… ಇಲ್ಲ ಸಾರ್, ಅವರು ಬರ್ತೀನಿ ಅಂದ್ರು. ನಾನೇ ಬೇಡ ಅಂತಿದ್ದೀನಿ… ಕಾರ್ಡಲ್ಲಿ ಇದ್ರೆ ಇರ್ಲಿ ಸಾರ್. ಶಾಲು ಯಾರಿಗಾದ್ರೂ ಹೊದಿಸೋಣ, ಶಾಲಿಗೇನು… ಹೂಂ, ಎಲ್ಲರೂ ಕೇಳ್ತಾರೆ. ಕೇಳಿದ್ರೆ ನಾನು ಹೇಳ್ತೀನಿ. ಹದಿನಾಲ್ಕು ವರ್ಷದಿಂದ ತಪ್ಪು ನಂದೇ ಅಂತ ಹೇಳ್ತೀನಿ.”

ಫೋನಿಟ್ಟು ತಿರುಗಿದರೆ ಲಾವಣ್ಯ ಹತ್ತಿರದಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

“ಈ ವಾರದ ವರದಿ ನಾನು ಬರೀತೀನಿ” ಅಂದಳು ಅಮೃತ. “ನೀನು ಓದಿ ತಿದ್ದಿ ಕೊಡ್ಬೇಕು.”

“ಕೆಂಪು ಪೆನ್ನಲ್ಲೇನಾ ಮೇಡಂ?” ಅಂದಳು ಲಾವಣ್ಯ. ಮೂರು ತಿಂಗಳಲ್ಲಿ ಆ ಹುಡುಗಿ ಅವಳೆದುರು ನಕ್ಕದ್ದು ಅದೇ ಮೊದಲು.

ಅಮೃತ ಕೋನಪ್ಪನ ಬಳಿಗೆ ಬಂದಳು. “ನಡೀರಿ ಅಣ್ಣ, ಮನೆಗೆ ಹೋಗಣ.”

“ಈಗಲಾ?” ಅವನು ಬಿಸಿಲನ್ನು ನೋಡಿದ, ರಸ್ತೆ ನೋಡಿದ. “ಇನ್ನೂ ಹನ್ನೆರಡೂ ಆಗಿಲ್ಲ.”

“ಇವತ್ತು ಯಾರೂ ಬರಲ್ಲ. ಇನ್ನು ಮೇಲೂ ಯಾರೂ ಬಂದು ಆ ಮಾತು ಕೇಳಲ್ಲ.”

ಕೋನಪ್ಪ ಅನುಮಾನದಿಂದ ಎದ್ದ. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಲೋಟವನ್ನು ಟೀ ಅಂಗಡಿಗೆ ಕೊಟ್ಟು ಬಂದ. ಆಮೇಲೆ ಏನೋ ನೆನಪಾದವನಂತೆ ನಿಂತು, “ಪೂರ್ತಿ ಬರೋದೇ ನಿಲ್ಲಿಸ್ಬೇಡಿ ಅಮೃತಮ್ಮಾ” ಅಂದ. “ಗಂಗುಲುಗೆ ಆ ಮಕ್ಕಳು ಅಂದ್ರೆ ಇಷ್ಟ. ಬಂದು ಮಾತಾಡ್ಲಿ. ರೇಷ್ಮೆ ಹುಳದ್ದು ಕೇಳ್ಲಿ, ಸೊಪ್ಪಿಂದು ಕೇಳ್ಲಿ. ಅವಳಿಗೆ ಮಂಡಿ ನೋವು ಎರಡು ವರ್ಷದಿಂದ. ಅದನ್ನ ಯಾರೂ ಕೇಳಲ್ಲ, ಅವಳೂ ಹೇಳಲ್ಲ. ನಿಮ್ಮೋರಿಗೆ ನನ್ನ ಕಥೇನೇ ಬೇಕು ಅಂದ್ಕೊಂಡವ್ಳೆ.”

ಎರಡು ಕಿಲೋಮೀಟರ್ ದಾರಿ. ಎರಡೂ ಕಡೆ ಹಿಪ್ಪುನೇರಳೆ ತೋಟ, ನಡುನಡುವೆ ಅವರೆ ಹೊಲ. ಕೋನಪ್ಪ ಮುಂದೆ ನಡೆದ. ಊರು ಹತ್ತಿರ ಬಂದ ಹಾಗೆ ಅವನ ನಡಿಗೆ ನಿಧಾನವಾಯಿತು. ಎದುರಿಗೆ ಬಂದ ಸೈಕಲ್ಲಿನವನೊಬ್ಬ, “ಏನ್ ಕೋನಪ್ಪ, ಇಷ್ಟು ಬೇಗ?” ಅಂದ. ಕೋನಪ್ಪ ಕೈಯೆತ್ತಿದ. ಹಿಂದೆ ಬರುತ್ತಿದ್ದ ಅಮೃತಳಿಗೆ, ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ ಅನ್ನುವುದು ಆಗ ಅರ್ಥವಾಯಿತು.

ಗಂಗುಲಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಮೃತಳನ್ನು ಕಂಡು ಮುಖ ಅರಳಿತು. “ಬಾರಮ್ಮಾ ಅಮೃತಮ್ಮಾ, ಎಷ್ಟು ದಿನ ಆಯ್ತು. ಮಕ್ಕಳು ಯಾಕೋ ಬರ್ಲೇ ಇಲ್ಲ ಇವತ್ತು” ಅನ್ನುತ್ತಾ ಮಂಡಿಗೆ ಕೈಕೊಟ್ಟು ಏಳಲು ಹೋದಳು. ಲಾವಣ್ಯ ಓಡಿಹೋಗಿ ತೋಳು ಹಿಡಿದಳು. ಎದ್ದು ನಿಂತ ಮೇಲೆ ಗಂಗುಲಮ್ಮನಿಗೆ ಅವರ ಹಿಂದೆ ನಿಂತಿದ್ದ ಗಂಡ ಕಂಡ. ಅವಳ ಮುಖದಲ್ಲಿ ಗಾಬರಿ ಸುಳಿಯಿತು.

“ಏನಯ್ಯಾ, ಮೈ ಹುಷಾರಿಲ್ವಾ?”

“ಚೆನ್ನಾಗಿದ್ದೀನಿ. ಮನೆಗೆ ಬಂದೆ.”

ಗಂಗುಲಮ್ಮ ಗಂಡನ ಮುಖ ನೋಡಿದಳು, ಅಮೃತಳ ಮುಖ ನೋಡಿದಳು. ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ, ಮಡಿಲಲ್ಲಿದ್ದ ಅವರೆ ಸಿಪ್ಪೆಯನ್ನು ನೆಲಕ್ಕೆ ಕೊಡವಿದಳು. “ಅಲ್ಲಯ್ಯಾ” ಅಂದಳು ಕಡೆಗೆ, ಸಣ್ಣ ದನಿಯಲ್ಲಿ. “ಗುರುವಾರ ಮಧ್ಯಾಹ್ನ ನೀನು ಇರಲ್ಲ ಅಂತ ನಿನಗೆ ಮುದ್ದೆ ಮಾಡಲ್ವಲ್ಲ.”

ಕೋನಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಎಲ್ಲಿ ಕೂರಬೇಕೋ ಗೊತ್ತಾಗದವನಂತೆ ಒಂದು ಗಳಿಗೆ ನಿಂತು, ಗೋಡೆಗೊರಗಿ ನೆಲದ ಮೇಲೆ ಕೂತ. ಒಲೆಯ ಮುಂದೆ ಕೂತಿದ್ದ ಸೊಸೆ ತಲೆಯೆತ್ತಿ ಮಾವನನ್ನು ನೋಡಿದಳು. ಕೈಚಾಚಿ ಬಿಂದಿಗೆ ಎಳೆದುಕೊಂಡು, ಕುದಿಯುತ್ತಿದ್ದ ಮುದ್ದೆಯ ಎಸರಿಗೆ ಇನ್ನೊಂದು ಚೊಂಬು ನೀರು ಹಾಕಿದಳು.